ಗೇರ್‌ಬಾಕ್ಸ್ ಬಿಚ್ಚುವ ಮೊದಲು

ಕ್ಲಚ್ ಇಲ್ಲದ ಕಾರು ಎಂದರೆ ಊರಿನಲ್ಲಿ ಅನೇಕರಿಗೆ ಈಗಲೂ ಒಂದು ಕುತೂಹಲ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯ ಕುಟುಂಬಗಳಿಗೆ ಅದು ದಿನನಿತ್ಯದ ವಾಹನ. ಅದು ಕೆಟ್ಟಾಗ ಕೇಳಿಬರುವ ಮಾತೂ ದಿನನಿತ್ಯದ್ದೇ: "ಗೇರ್‌ಬಾಕ್ಸ್ ಹೋಗಿದೆ." ಇಷ್ಟು ಕೇಳಿದ್ದಕ್ಕೇ ಊರಿಗೆ ಬರಲು ಕೂಡಿಟ್ಟ ಟಿಕೆಟಿನ ಹಣವನ್ನು ಗ್ಯಾರೇಜಿಗೆ ಸುರಿದವರನ್ನು ನಾನು ಬಲ್ಲೆ.

ನನ್ನ ಪತ್ನಿಯ ಅಣ್ಣ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಪ್ಪತ್ತು ವರ್ಷಗಳಿಂದ ಮೆಕ್ಯಾನಿಕ್. ಕಳೆದ ವರ್ಷ ದಸರಾ ರಜೆಯಲ್ಲಿ ಹತ್ತು ದಿನ ಅವರ ಜೊತೆಗಿದ್ದೆ. ಆಗ ಪುತ್ತೂರು ಕಡೆಯವರೊಬ್ಬರು ದೊಡ್ಡದೊಂದು ಜೀಪನ್ನು ತಂದು ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್ ಗಾಡಿ. ಮೊದಲಿನ ಮಾಲಕ ಮರಳುಗಾಡಿನಲ್ಲಿ ಓಡಿಸಲೆಂದು ಅದರ ರೂಪವನ್ನೇ ಬದಲಿಸಿದ್ದ. 31 ಇಂಚಿನ ಟಯರ್ ಇದ್ದಲ್ಲಿ 35 ಇಂಚಿನದ್ದು, ಎತ್ತರಿಸಿದ ಸ್ಪ್ರಿಂಗ್, ಹಿಂದೆ ಎಲ್‌ಇಡಿ ದೀಪ, ಪೆಡಲುಗಳ ಮೇಲೆ ಹೊಳೆಯುವ ಲೋಹದ ಕವಚ. ಕಂಡವರೆಲ್ಲ ತಿರುಗಿ ನೋಡುವಂತಿತ್ತು. ಗಾಡಿಯ ಮಾಲಕರ ಮುಖ ಮಾತ್ರ ಬಾಡಿತ್ತು.

ದೂರು ಹೀಗಿತ್ತು. ಗಂಟೆಗೆ ನೂರರ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗುತ್ತಿರುವಾಗ ಎಂಜಿನ್ನಿನ ಮುಳ್ಳು ಇದ್ದಕ್ಕಿದ್ದಂತೆ 2,000ದಿಂದ 2,300ಕ್ಕೆ ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ, ಮತ್ತೆ ಏರುತ್ತದೆ. ಖೋರ್‌ಫಕ್ಕಾನ್ ಕಡೆಯ ಬೆಟ್ಟದ ರಸ್ತೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಹೋಗುವಾಗ ಗೇರ್ ಆಯಿಲ್ ಬಿಸಿಯಾದ ಎಚ್ಚರಿಕೆಯ ದೀಪವೂ ಉರಿದಿತ್ತು. ಬೇರೊಂದು ವರ್ಕ್‌ಶಾಪಿನವರು ಕಂಪ್ಯೂಟರ್ ಹಾಕಿ ನೋಡಿದ್ದರು. ದೋಷದ ಕೋಡ್ ಒಂದೂ ಬರಲಿಲ್ಲ. ಕೋಡ್ ಇಲ್ಲವೆಂದರೆ ಒಳಗಿನ ಪ್ಲೇಟುಗಳೇ ಸವೆದಿವೆ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಮಾಡಬೇಕು ಎಂದರಂತೆ. ಅವರು ಹೇಳಿದ ಮೊತ್ತ ಇವರ ಮೂರು ತಿಂಗಳ ಸಂಬಳ. ಊರಿನಲ್ಲಿ ಮಗಳ ಕಾಲೇಜಿನ ಫೀಸು ಕಟ್ಟುವ ಸಮಯ ಬೇರೆ.

ಭಾವ ಕೀಲಿ ತೆಗೆದುಕೊಳ್ಳಲಿಲ್ಲ. ಕುರ್ಚಿ ಎಳೆದು ಅವರನ್ನು ಕೂರಿಸಿ, "ಗೇರ್ ಬಿಟ್ಟು ಬೇರೆ ಏನೇನು ತೊಂದರೆ ಇದೆ, ಸಣ್ಣದಾದರೂ ಹೇಳಿ" ಎಂದರು.

ಅವರು ಹೇಳಿದ್ದನ್ನು ಬರೆಯುವ ಮೊದಲು ಈ ಯಂತ್ರದ ಒಳಗಿನ ಸಂಗತಿ ಸ್ವಲ್ಪ ತಿಳಿಯಬೇಕು. ನಾನು ಬಿ.ಎ. ಓದಿದವನು. ನನಗೆ ಅರ್ಥವಾದ ಮೇಲೆ ನಿಮಗೂ ಆಗುತ್ತದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೇ? ಟಾರ್ಕ್ ಕನ್ವರ್ಟರ್ ಎಂಬುದು ಹೆಚ್ಚುಕಡಿಮೆ ಅದೇ. ಗಾಳಿಯ ಬದಲು ಎಣ್ಣೆ. ಒಂದು ಚಕ್ರ ಎಂಜಿನ್ನಿನದು, ಎದುರಿನದು ಗೇರ್‌ಬಾಕ್ಸಿನದು. ನಡುವೆ ಸ್ಟೇಟರ್ ಎಂಬ ಮೂರನೆಯದೊಂದಿದ್ದು, ಮರಳಿ ಬರುವ ಎಣ್ಣೆಯ ದಿಕ್ಕನ್ನು ತಿರುಗಿಸಿ ಗಾಡಿ ಹೊರಡುವಾಗ ಬಲವನ್ನು ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಕಾರಿಗೆ ಬಂದದ್ದು ಆಮೇಲೆ.

ಆದರೆ ಎರಡನೆಯ ಫ್ಯಾನು ಎಂದೂ ಮೊದಲನೆಯದರಷ್ಟು ವೇಗವಾಗಿ ತಿರುಗದು. ಹಾಗೆ ಜಾರಿಹೋದ ಶಕ್ತಿ ಎಣ್ಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಅದಕ್ಕೆ ಪರಿಹಾರ ಲಾಕಪ್: ಗಾಡಿ ಒಂದೇ ವೇಗದಲ್ಲಿ ಸಾಗುವಾಗ ಒಳಗಿನ ಘರ್ಷಣೆಯ ಪ್ಲೇಟೊಂದು ಎರಡೂ ಬದಿಯನ್ನು ಬಿಗಿಯಾಗಿ ಹಿಡಿದು ಒಂದಾಗಿಸುತ್ತದೆ. ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ 1949ರಲ್ಲೇ ಇದು ಬಂದಿತ್ತು. ಇಂದು ಹಿಡಿಯಬೇಕೋ ಬಿಡಬೇಕೋ ಎಂದು ಅಪ್ಪಣೆ ಕೊಡುವುದು ಕಂಪ್ಯೂಟರ್. ವೇಗ, ಆ್ಯಕ್ಸಿಲರೇಟರ್, ಎಂಜಿನ್ನಿನ ಬಿಸಿ ಎಲ್ಲವನ್ನೂ ಅದು ನೋಡುತ್ತದೆ. ಬ್ರೇಕ್ ಒತ್ತಿದ ಸುದ್ದಿ ಬಂದರಂತೂ ತಕ್ಷಣ ಬಿಟ್ಟುಬಿಡುತ್ತದೆ. (ಊರಿನಲ್ಲಿ ಆಟೋಮ್ಯಾಟಿಕ್ ಎಂದು ಕರೆಯುವ ಎಎಂಟಿ ಕಾರುಗಳಿಗೆ ಈ ಮಾತು ಸಲ್ಲದು. ಅವುಗಳಲ್ಲಿರುವುದು ಮಾಮೂಲು ಕ್ಲಚ್ಚೇ. ನಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ ಅಷ್ಟೆ.)

ಲಾಕಪ್ ಕೆಡುವುದರಲ್ಲಿ ಬಗೆಗಳಿವೆ. ಹಿಡಿಯದೇ ಹೋದರೆ ಎಂಜಿನ್ ಹೆಚ್ಚು ತಿರುಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಣ್ಣೆ ಕಾಯುತ್ತದೆ. ಬಿಡದೇ ಹೋದರೆ ಸಿಗ್ನಲ್‌ನಲ್ಲಿ ನಿಲ್ಲುವಾಗ ಕ್ಲಚ್ ಒತ್ತದ ಕಾರಿನಂತೆ ಎಂಜಿನ್ ಬಂದಾಗುತ್ತದೆ. ಅರ್ಧಂಬರ್ಧ ಹಿಡಿದರೆ ರಸ್ತೆಯ ಸಾಲು ಉಬ್ಬುಗಳ ಮೇಲೆ ಹೋದಂತೆ ಗಾಡಿ ನಡುಗುತ್ತದೆ. ಇದನ್ನು ಸ್ಪಾರ್ಕ್ ಪ್ಲಗ್ಗಿನ ದೋಷವೆಂದು ತಿಳಿದು ಪ್ಲಗ್ ಬದಲಿಸುತ್ತಾ ಹೋಗುವವರು ಬಹಳ ಎಂದು ಭಾವ ನಗುತ್ತಾರೆ.

ಈಗ ಪುತ್ತೂರಿನವರು ಹೇಳಿದ್ದಕ್ಕೆ ಬರೋಣ. ಕ್ರೂಸ್ ಹಾಕಿದರೆ ಐದು ನಿಮಿಷದಲ್ಲಿ ತಾನಾಗಿಯೇ ಕಡಿದುಹೋಗುತ್ತದೆ. ಅದು ಹಳೇ ಗಾಡಿಯ ಗುಣವೆಂದು ಬಿಟ್ಟಿದ್ದರು. ಇನ್ನೊಂದನ್ನು ಗಮನಿಸಿದ್ದು ಅವರ ಪತ್ನಿ. ಒಮ್ಮೊಮ್ಮೆ ಬ್ರೇಕ್ ಒತ್ತದೆಯೂ ಗೇರಿನ ಹಿಡಿಕೆ 'ಪಿ'ಯಿಂದ ಹೊರಗೆ ಬರುತ್ತದೆ, ಮಕ್ಕಳು ಮುಂದೆ ಕೂತಾಗ ಭಯವಾಗುತ್ತದೆ ಎಂದು ಆಕೆ ಎರಡು ಸಲ ಹೇಳಿದ್ದರಂತೆ. ಭಾವ ನೆಟ್ಟಗೆ ಕೂತರು. "ಮೂರೂ ಒಂದೇ ರೋಗ ಇರಬಹುದು" ಎಂದರು. ಕ್ರೂಸ್ ಕಡಿಯುವುದೂ, ಹಿಡಿಕೆಯ ಬೀಗ ತೆರೆಯುವುದೂ, ಲಾಕಪ್ ಬಿಡುವುದೂ ಬ್ರೇಕ್ ಒತ್ತಿದ ಸುದ್ದಿಯಿಂದಲೇ.

ಊಹೆ ಸರಿಯೆಂದು ಅವರು ಸ್ಪ್ಯಾನರ್ ಎತ್ತಲಿಲ್ಲ. ಅಸರ್ ನಮಾಝ್ ಮುಗಿಸಿ ಧೈದ್ ರಸ್ತೆಗೆ ಹೊರಟೆವು. ಜೀಪನ್ನು ಮಾಲಕರು ಓಡಿಸಿದರು. ಪಕ್ಕದಲ್ಲಿ ಭಾವ, ಮಡಿಲಲ್ಲಿ ಸ್ಕ್ಯಾನರ್. ಹಿಂದಿನ ಕಾರನ್ನು ಭಾವನ ಸಹಾಯಕ ಹುಡುಗ ಓಡಿಸುತ್ತಿದ್ದ. ಅವನ ಪಕ್ಕದಲ್ಲಿ ಕೂತ ನನಗೆ ಒಂದೇ ಕೆಲಸ: ಜೀಪಿನ ಬ್ರೇಕ್ ದೀಪ ನೋಡುವುದು. ಫೋನ್ ಕಿವಿಯಲ್ಲೇ ಇತ್ತು.

ಸ್ಕ್ಯಾನರಿನಲ್ಲಿ ಅವರು ಎರಡು ಅಂಕಿ ನೋಡುತ್ತಿದ್ದರು: ಎಂಜಿನ್ನಿನ ವೇಗ, ಗೇರ್‌ಬಾಕ್ಸಿನ ಒಳಶಾಫ್ಟಿನ ವೇಗ. ಲಾಕಪ್ ಹಿಡಿದಾಗ ಎರಡೂ ಬಹುತೇಕ ಸಮ. ಪಕ್ಕದಲ್ಲೇ ಕಂಪ್ಯೂಟರಿನ ಅಪ್ಪಣೆ. ಅಪ್ಪಣೆ ಇದ್ದೂ ಅಂಕಿಗಳು ಬೇರೆಯಾದರೆ ರೋಗ ಪ್ಲೇಟಿನಲ್ಲೋ ಎಣ್ಣೆಯಲ್ಲೋ ವಾಲ್ವಿನಲ್ಲೋ ಇದೆ, ಗೇರ್‌ಬಾಕ್ಸ್ ಬಿಚ್ಚಬೇಕಾಗಿ ಬರಬಹುದು. ಅಪ್ಪಣೆಯೇ ಹಿಂದಕ್ಕೆ ಹೋದರೆ ಕಾರಣವನ್ನು ಹೊರಗೆ ಹುಡುಕಬೇಕು. ಇದನ್ನು ಕೇಳಿದಾಗ ನನಗೆ ತರಗತಿ ನೆನಪಾಯಿತು. ಪ್ರಶ್ನೆ ಕೇಳಿದರೂ ಉತ್ತರ ಬಾರದ ಹುಡುಗನಿಗೂ, ಪ್ರಶ್ನೆಯನ್ನೇ ಕೇಳದ್ದರಿಂದ ಸುಮ್ಮನಿದ್ದ ಹುಡುಗನಿಗೂ ಒಂದೇ ಸೊನ್ನೆ ಕೊಡುವ ಮಾಸ್ತರರು ನಮ್ಮಲ್ಲೂ ಇದ್ದಾರೆ.

ನಗರ ದಾಟಿ ಸ್ವಲ್ಪ ದೂರ ಹೋಗಿರಬಹುದು. "ಈಗ ಏರಿತು ಮಾಸ್ಟ್ರೇ" ಎಂದಿತು ಫೋನ್. ಅದೇ ಕ್ಷಣ ನನ್ನ ಕಣ್ಣೆದುರು ಕೆಂಪು ದೀಪ ಮಿನುಗಿತು. ಮಾಲಕರ ಕಾಲು ಬ್ರೇಕಿನ ಹತ್ತಿರವೂ ಇರಲಿಲ್ಲ. ರಸ್ತೆ ಸ್ವಲ್ಪ ಒರಟಾದಲ್ಲೆಲ್ಲ ಹೀಗಾಯಿತು. ಏಳು ಸಲ ಎಣಿಸಿದೆ. ಏಳು ಸಲವೂ ದೀಪ ಮತ್ತು ಮುಳ್ಳು ಜೊತೆಜೊತೆಗೆ. ದೀಪ ಆರಿದಾಗ ಮುಳ್ಳೂ ಇಳಿಯಿತು. ಕಾರಣ ಇದ್ದಲ್ಲಿ ವಿಧಿ ಇರುತ್ತದೆ, ಕಾರಣ ಹೋದಲ್ಲಿ ವಿಧಿಯೂ ಹೋಗುತ್ತದೆ ಎಂದು ಮದ್ರಸದಲ್ಲಿ ಉಸೂಲ್ ಪಾಠ ಕಲಿಸಿದ್ದ ಉಸ್ತಾದರು ಆ ಕಾರಿನಲ್ಲಿ ಇರಬೇಕಿತ್ತು ಅನಿಸಿತು.

ಗ್ಯಾರೇಜಿಗೆ ಮರಳಿ ಭಾವ ಸ್ಟಿಯರಿಂಗಿನ ಕೆಳಗೆ ಟಾರ್ಚ್ ಹಿಡಿದು ಮಲಗಿದರು. ಪೆಡಲು ಪೂರ್ತಿ ಮೇಲೆ ಬಂದಾಗ ಬ್ರೇಕ್ ಸ್ವಿಚ್ಚಿನ ಸಣ್ಣ ಗುಂಡಿಯನ್ನು ಒತ್ತಿ ಹಿಡಿಯಬೇಕು. ಅದನ್ನು ಒತ್ತುವ ರಬ್ಬರಿನ ತುಂಡು ಬಿಸಿಲ ಝಳಕ್ಕೆ ಒಡೆದು ಅರ್ಧವಾಗಿತ್ತು. ಅದರ ಮೇಲೆ ಲೋಹದ ಕವಚದ ಭಾರ. ದೊಡ್ಡ ಟಯರುಗಳ ಕಂಪನಕ್ಕೆ ಪೆಡಲು ಕೂದಲೆಳೆಯಷ್ಟು ಇಳಿದರೂ ಗುಂಡಿ ಹೊರಗೆ ಬರುತ್ತಿತ್ತು. ಇದರಲ್ಲಿ ಕಂಪ್ಯೂಟರಿನ ತಪ್ಪೇನಿಲ್ಲ. ಬ್ರೇಕ್ ಒತ್ತಿದ್ದಾರೆಂದು ಅದು ನಂಬಿತ್ತು. ಬ್ರೇಕ್ ಒತ್ತುವುದು ದೋಷವಲ್ಲದ್ದರಿಂದ ಕೋಡ್ ಬರಲೂ ಇಲ್ಲ.

ಕವಚ ಕಳಚಿದರು. ಹೊಸ ರಬ್ಬರ್ ಹಾಕಿ ಸ್ವಿಚ್ಚಿನ ಅಂತರ ಸರಿಮಾಡಿದರು. ಗೇರ್ ಆಯಿಲ್ ಕಪ್ಪಾಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ಕಂಪೆನಿ ಹೇಳಿದ ದರ್ಜೆಯದ್ದನ್ನೇ ತುಂಬಿಸಿದರು. ಮರುದಿನ ಅದೇ ರಸ್ತೆಯಲ್ಲಿ ಮುಳ್ಳು 2,000ದಲ್ಲಿ ನಿಂತಿತ್ತು. ಆಗ ಭಾವ ಮಾಲಕರಿಗೆ ಮೆಲ್ಲನೆ ಬ್ರೇಕ್ ಮುಟ್ಟಲು ಹೇಳಿದರು. ಮುಳ್ಳು ಏರಿತು, ಕಾಲು ತೆಗೆದ ಮೇಲೆ ಇಳಿಯಿತು. ಹೀಗೆ ಹಿಡಿಯುವುದೂ ಬಿಡುವುದೂ ಎರಡೂ ಸರಿಯಿದೆಯೆಂದು ತಿಳಿಯಿತು.

ಟಯರಿನ ಮಾತು ಉಳಿದಿತ್ತು. ಚಕ್ರ ಶೇಕಡಾ 13ರಷ್ಟು ದೊಡ್ಡದಾದ್ದರಿಂದ ಮೀಟರ್ 100 ತೋರಿಸುವಾಗ ಗಾಡಿ 113ರಲ್ಲಿ ಓಡುತ್ತಿರುತ್ತದೆ. ಕ್ಯಾಮರಾದ ದಂಡ ಯಾಕೆ ಬರುತ್ತದೆಂದು ಅವರಿಗೆ ಅಂದು ಗೊತ್ತಾಯಿತು. ಏರಿನಲ್ಲಿ ಎಂಜಿನ್ನಿಗೂ ಭಾರ ಹೆಚ್ಚು. ಆ್ಯಕ್ಸಿಲರೇಟರ್ ಜೋರಾಗಿ ಒತ್ತಬೇಕಾಗಿ ಲಾಕಪ್ ಬಿಡುತ್ತದೆ, ಎಣ್ಣೆ ಮತ್ತೆ ಕಾಯುತ್ತದೆ. ಮೂಲ ಅಳತೆಯ ಟಯರಿಗೆ ಮರಳಿ, ಇಲ್ಲವೇ ಕಂಪ್ಯೂಟರಿನಲ್ಲಿ ಹೊಸ ಅಳತೆ ಬರೆಸಿ ಆಯಿಲ್ ಕೂಲರ್ ದೊಡ್ಡದು ಹಾಕಿಸಿ ಎಂದರು ಭಾವ. ಅಂದಿನ ಬಿಲ್ಲಿನಲ್ಲಿ ದೊಡ್ಡ ಪಾಲು ಆಯಿಲಿನದ್ದೇ.

ನಾನು ಊರಿಗೆ ಬಂದ ಮೇಲೆ ಭಾವ ಒಂದು ಫೋಟೋ ಕಳುಹಿಸಿದ್ದರು. ಜೀಪಿಗೆ 31 ಇಂಚಿನ ಟಯರುಗಳು ಮರಳಿ ಬಂದಿದ್ದವು. ಅದು ಅವರ ಪತ್ನಿಯ ತೀರ್ಮಾನವಂತೆ. ಮಕ್ಕಳಿಗೆ ಹತ್ತಲು ಎತ್ತರವಾಗುತ್ತಿತ್ತು.