ಹೆಸರು ಬರೆದರೆ ಸಾಕೇ?

ಸಹೋದರಿಯರೇ, ಸರಕಾರದ ನೆರವಿನಿಂದ ದಿನ ದೂಡುತ್ತಿರುವ ತಾಯಿಯೊಬ್ಬಳಿಗೆ ಕೆಲಸ ಸಿಕ್ಕಿತೆಂದು ಕೇಳಿದರೆ ನಮಗೆಲ್ಲ ಸಂತೋಷವಾಗುತ್ತದೆ. ಆದರೆ ಆ ಕೆಲಸ ಎಷ್ಟು ದಿನ ಉಳಿಯಿತೆಂದು ನಾವು ವಿಚಾರಿಸುತ್ತೇವೆಯೇ?

ಅಮೇರಿಕದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳು 2017ರಲ್ಲಿ ಫೋನಿನಲ್ಲಿ ತನ್ನ ಪರಿಚಯದ ಒಬ್ಬಾಕೆಯ ವಿಷಯ ಹೇಳಿದಳು. ಎರಡು ಮಕ್ಕಳ ತಾಯಿ. ಗಂಡ ಬಿಟ್ಟು ಹೋಗಿದ್ದಾನೆ. ಸರಕಾರ ಬಡವರಿಗಾಗಿ ಕಟ್ಟಿಸಿದ ಮನೆಯಲ್ಲಿ ವಾಸ. ಆ ಕಟ್ಟಡದ ದುರಸ್ತಿಯ ಗುತ್ತಿಗೆ ಹಿಡಿದ ಕಂಪೆನಿಯೊಂದು ಆಕೆಯನ್ನು ಬಣ್ಣ ಬಳಿಯುವ ಕೆಲಸಕ್ಕೆ ಸೇರಿಸಿಕೊಂಡು ಮೂರನೇ ವಾರದಲ್ಲೇ ಕಳುಹಿಸಿಬಿಟ್ಟಿತು. ಬಂದ ಸಂಬಳದಲ್ಲಿ ಅರ್ಧ, ಮಕ್ಕಳನ್ನು ನೋಡಿಕೊಂಡವರಿಗೇ ಹೋಗಿತ್ತು. "ಖಾಲಾ, ಕಂಪೆನಿಯ ಲೆಕ್ಕದಲ್ಲಿ ಮಾತ್ರ ಒಬ್ಬ ಬಡ ಹೆಂಗಸಿಗೆ ಕೆಲಸ ಕೊಟ್ಟಾಯಿತು" ಎಂದಳು.

ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವಳಾದ ನನಗೆ ಇದು ಹೇಗಾಯಿತೆಂದು ತಿಳಿಯುವ ಕುತೂಹಲ ಹುಟ್ಟಿತು. ಅಲ್ಲಿ 1968ರ ವಸತಿ ಕಾನೂನಿನ ಮೂರನೇ ಕಲಮು ಹೀಗೆ ಹೇಳುತ್ತದೆ: ಸರಕಾರದ ವಸತಿ ಹಣದಿಂದ ನಡೆಯುವ ಕಾಮಗಾರಿಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಸ್ಥಳೀಯ ಬಡವರಿಗೆ ಕೆಲಸ ಸಿಗಬೇಕು. ಅಂಥವರನ್ನು ಹೆಚ್ಚಾಗಿ ದುಡಿಸಿಕೊಳ್ಳುವ ಸಂಸ್ಥೆಗಳಿಗೆ ಗುತ್ತಿಗೆಯಲ್ಲಿ ಆದ್ಯತೆಯೂ ಇದೆ. ಉದ್ದೇಶ ಒಳ್ಳೆಯದೇ. ಆದರೆ 1994ರ ನಿಯಮ ಹೊಸದಾಗಿ ಸೇರಿದವರ ತಲೆಗಳನ್ನು ಎಣಿಸುತ್ತಿತ್ತು. ಹೊಸ ನೇಮಕಾತಿಯಲ್ಲಿ ಶೇಕಡಾ 30 ಮಂದಿ ಬಡವರಾಗಿದ್ದರೆ ಗುರಿ ಮುಟ್ಟಿದಂತೆ. ಮೂರು ವಾರ ದುಡಿದವಳೂ ಒಂದೇ, ಮೂರು ವರ್ಷ ದುಡಿದವಳೂ ಒಂದೇ.

ನಾನು ಶಿಕ್ಷಕಿ. ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕ ತುಂಬಿದ ಮಾತ್ರಕ್ಕೆ ಮಕ್ಕಳು ಕಲಿತರೆಂದು ಯಾರೂ ಹೇಳುವುದಿಲ್ಲ. ವರ್ಷವಿಡೀ ಹಾಜರಿ ಪುಸ್ತಕ ನೋಡಬೇಕಾಗುತ್ತದೆ.

2020ರಲ್ಲಿ ಅಲ್ಲಿಯ ವಸತಿ ಇಲಾಖೆ ನಿಯಮ ಬದಲಿಸಿ ಹಾಜರಿ ನೋಡತೊಡಗಿತು. ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇಕಡಾ 25 ಬಡ ಕೆಲಸಗಾರರದ್ದಾಗಿರಬೇಕು ಎಂಬುದು ಹೊಸ ಗುರಿ. ಕೆಲಸಕ್ಕೆ ಸೇರುವಾಗ ಬಡವಳಾಗಿದ್ದವಳ ಸಂಬಳ ಮುಂದೆ ಏರಿದರೂ ಐದು ವರ್ಷಗಳ ತನಕ ಆಕೆಯ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ಹೀಗಾದಾಗ ಹಳಬಳನ್ನು ಕಳುಹಿಸಿ ಹೊಸಬಳನ್ನು ತರುವುದರಲ್ಲಿ ಮಾಲೀಕನಿಗೆ ಲಾಭವಿರುವುದಿಲ್ಲ.

ತೆರಿಗೆಯ ಮೂಲಕ ಕೊಡುತ್ತಿದ್ದ ಪ್ರೋತ್ಸಾಹಕ್ಕೂ ಇದೇ ಬುದ್ಧಿವಂತಿಕೆ ಇತ್ತು. 1996ರಲ್ಲಿ ಬಂದ ಆ ಯೋಜನೆ 2025ರ ಕೊನೆಯ ತನಕ ಜಾರಿಯಲ್ಲಿತ್ತು. ಅದರ ನಂತರದ ರೂಪದಲ್ಲಿ, ದೀರ್ಘಕಾಲ ನೆರವು ಪಡೆದವರನ್ನು ನೇಮಿಸಿದರೆ ಮೊದಲ ವರ್ಷ 10,000 ಡಾಲರ್ ವರೆಗಿನ ಸಂಬಳದ ಶೇಕಡಾ 40, ಎರಡನೆಯ ವರ್ಷ ಶೇಕಡಾ 50ರಷ್ಟು ರಿಯಾಯಿತಿ ಸಿಗುತ್ತಿತ್ತು. ಉಳಿಸಿಕೊಂಡವನಿಗೆ ಹೆಚ್ಚು ಲಾಭ.

ಕೆಲಸ ಕಲಿಸಲು ಮಾಲೀಕನಿಗೂ ಖರ್ಚಿದೆ, ನಿಜ. ಸರಕಾರ ಕೈಜೋಡಿಸುವುದು ಅದಕ್ಕಾಗಿಯೇ. ಆದರೆ ಆ ತಾಯಿಯ ಸ್ಥಿತಿ ನೋಡಿ. 1996ರ ಕಾನೂನಿನಂತೆ ಅಲ್ಲಿ ಕೇಂದ್ರದ ನಗದು ನೆರವಿಗೆ ಸಾಮಾನ್ಯವಾಗಿ ಜೀವಮಾನದಲ್ಲಿ 60 ತಿಂಗಳ ಮಿತಿಯಿದೆ. ಮೂರು ವಾರದ ಕೆಲಸಗಳನ್ನು ನೆಚ್ಚಿಕೊಂಡರೆ ಆ ತಿಂಗಳುಗಳು ಕರಗುತ್ತವೆ, ಕೈಯಲ್ಲಿ ಕಸುಬೂ ಉಳಿಯುವುದಿಲ್ಲ.

ಇನ್ನು ಮುಂದೆ ಇಂತಿಷ್ಟು ಬಡ ಮಹಿಳೆಯರಿಗೆ ಉದ್ಯೋಗ ನೀಡಲಾಯಿತೆಂಬ ಸುದ್ದಿ ಓದಿದಾಗ, ಸಹೋದರಿ, ಒಂದು ಪ್ರಶ್ನೆ ಕೇಳಿರಿ. ವರ್ಷದ ನಂತರ ಅವರಲ್ಲಿ ಎಷ್ಟು ಮಂದಿ ಅದೇ ಕೆಲಸದಲ್ಲಿದ್ದಾರೆ?