ನೆಲದಡಿಯ ರೈಲುಮನೆ

ರೈಲು ಅಂದರೆ ಊಟ-ನಿದ್ದೆ ಮರೆಯುವ ಮಗು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದೆಯೇ? ಕರೆದರೆ ತಿರುಗಿ ನೋಡದು, ಓರಗೆಯವರ ಜೊತೆ ಆಡದು. ರೈಲಿನ ಹೆಸರು, ನಂಬರು, ಹೊರಡುವ ವೇಳೆ ಮಾತ್ರ ಮಗ್ಗಿಯಂತೆ ಒಪ್ಪಿಸುತ್ತದೆ. “ಮೊದಲು ಈ ಹುಚ್ಚು ಬಿಡಿಸಮ್ಮಾ” ಅಂತ ನೆಂಟರಿಷ್ಟರ ಬುದ್ಧಿವಾದ ಬೇರೆ. ಆಟಿಸಂ ಇರುವ ಎಷ್ಟೋ ಮಕ್ಕಳ ತಾಯಂದಿರು ಕೇಳಿ ಕೇಳಿ ನೊಂದ ಮಾತಿದು. ಬನ್ನಿ, ಆ ಹುಚ್ಚನ್ನೇ ಪಾಠವಾಗಿಸಿಕೊಂಡ ಒಂದು ಜಾಗ ನೋಡಿ ಬರೋಣ.

ಅಮೆರಿಕದ ನ್ಯೂಯಾರ್ಕ್ ನಗರ, ಬ್ರೂಕ್ಲಿನ್ ಭಾಗ. ರಸ್ತೆ ಬದಿಯ ಮೆಟ್ಟಿಲಿಳಿದರೆ ಟ್ರಾನ್ಸಿಟ್ ಮ್ಯೂಸಿಯಂ. ನೆಲದಡಿಯ ಈ ರೈಲು ನಿಲ್ದಾಣ 1936ರಲ್ಲಿ ಶುರುವಾಗಿ, ಜನ ಸಾಲದೆ ಹತ್ತು ವರ್ಷಕ್ಕೇ ಮುಚ್ಚಿತು. 1976ರಲ್ಲಿ ಮ್ಯೂಸಿಯಂ ಆಗಿ ಮತ್ತೆ ಬಾಗಿಲು ತೆರೆಯಿತು. ಕೆಳಗಿನ ಪ್ಲಾಟ್‌ಫಾರಂನಲ್ಲಿ ಹಳೇ ಕಾಲದ ಬೋಗಿಗಳು ಸಾಲಾಗಿ ನಿಂತಿವೆ. ಬೆತ್ತದ ಸೀಟು, ತಲೆಯ ಮೇಲೆ ಫ್ಯಾನು, ಗೋಡೆಯಲ್ಲಿ ಅಂದಿನ ಜಾಹೀರಾತು. ಹತ್ತಿ ನೋಡಲು ಅಡ್ಡಿಯಿಲ್ಲ.

ಆಟಿಸಂ ಇರುವ ಎರಡರಿಂದ ಐದನೇ ತರಗತಿಯ ಮಕ್ಕಳಿಗಾಗಿ ಈ ಮ್ಯೂಸಿಯಂ ‘ಸಬ್‌ವೇ ಸ್ಲೂತ್ಸ್’, ಅಂದರೆ ‘ಸುರಂಗ ರೈಲಿನ ಪತ್ತೇದಾರರು’ ಎಂಬ ಕೂಟ ನಡೆಸುತ್ತಾ ಬಂದಿದೆ. ಶಾಲೆ ಬಿಟ್ಟ ಮೇಲೆ ಸಣ್ಣ ಗುಂಪು ಸೇರುತ್ತದೆ. ವಿಶೇಷ ಶಿಕ್ಷಣದ ಟೀಚರು, ಮಾತಿನ ತರಬೇತಿಯವರು, ಮ್ಯೂಸಿಯಂನವರು ಜೊತೆಗಿರುತ್ತಾರೆ. ರೈಲಿನ ಒಗಟುಗಳನ್ನು ಮಕ್ಕಳು ಕೂಡಿ ಬಿಡಿಸಬೇಕು. ಪಕ್ಕದಲ್ಲಿರುವ ಮಗುವಿಗೂ ರೈಲೇ ಪ್ರಾಣ, ನೋಡಿ! ಹಾಗಾಗಿ ಮಾತಾಡಲು, ಇನ್ನೊಬ್ಬರ ಮಾತು ಕೇಳಲು, ಸರದಿ ಕಾಯಲು ಮಗುವಿಗೆ ತನ್ನದೇ ಕಾರಣ ಸಿಗುತ್ತದೆ.

ಇದಕ್ಕಾಗಿ ನಾವು ಸಮುದ್ರ ದಾಟಬೇಕಿಲ್ಲ. ನಮ್ಮೂರ ಸ್ಟೇಷನ್ನೇ ಸಾಕು. ವೇಳಾಪಟ್ಟಿ ಹಿಡಿದು ಗಡಿಯಾರ ನೋಡುವುದನ್ನು ಕಲಿಸಿ. ಬೋಗಿ ಎಣಿಸುತ್ತಾ ಲೆಕ್ಕ, ಊರುಗಳ ಹೆಸರಿನಿಂದ ಅಕ್ಷರ. ಟಿಕೆಟ್ಟಿಗೆ ದುಡ್ಡು ಕೊಟ್ಟು ಚಿಲ್ಲರೆ ಎಣಿಸಿಕೊಳ್ಳುವುದೂ ಪಾಠವೇ. ಪ್ಲಾಟ್‌ಫಾರಂನಲ್ಲಿ ಮಾತ್ರ ಮಗುವಿನ ಕೈ ಬಿಡಬೇಡಿ. ಹಾರ್ನಿನ ಸದ್ದಿಗೆ ಕಿವಿ ಮುಚ್ಚಿಕೊಂಡರೆ ದೂರದಿಂದಲೇ ತೋರಿಸಿ. ರೈಲಿನ ಬದಲು ಬಸ್ಸೋ, ಇರುವೆಯೋ, ತಿರುಗುವ ಫ್ಯಾನೋ ಇಷ್ಟವಾದರೆ ಅದರಿಂದಲೇ ಶುರು ಮಾಡಿ.

ಒಂದು ಮಾತು ಮರೆಯಬೇಡಿ. “ಬರೆದರೆ ಮಾತ್ರ ರೈಲು” ಎಂದು ಅದನ್ನು ಕಸಿದಿಡಬೇಡಿ. ದೊಡ್ಡವರಿಗೆ ದಣಿದಾಗ ಕಾಫಿ ಹೇಗೋ, ಆ ಮಗುವಿಗೆ ರೈಲು ಹಾಗೆ. ಪಾಠವಿಲ್ಲದೆ ಸುಮ್ಮನೆ ರೈಲು ನೋಡುವ ಸಂಜೆಯೂ ವಾರಕ್ಕೊಂದಿರಲಿ. ಅಂದು ಪ್ರಶ್ನೆ ಕೇಳದೆ ನೀವೂ ಪಕ್ಕದಲ್ಲಿ ನಿಂತು ನೋಡಿ.