ಹಿತ್ತಲಿನಿಂದ ಹಾರಿಹೋದ ಗ್ಯಾಸು

ನಮ್ಮ ಮನೆಗೆ ಫ್ರಿಜ್ ಬಂದದ್ದು 1991ರ ದೀಪಾವಳಿಗೆ. ಶಿವಮೊಗ್ಗದಲ್ಲೊಂದು ಬಾಡಿಗೆ ಮನೆ, ನಮ್ಮವರ ಸಂಬಳದಲ್ಲಿ ತಿಂಗಳ ಕಂತು, 165 ಲೀಟರಿನ ಬಿಳಿಯ ಪೆಟ್ಟಿಗೆ. ಅಡುಗೆಮನೆಯಲ್ಲಿ ಜಾಗವಿಲ್ಲದೆ ಅದನ್ನು ನಡುಮನೆಯಲ್ಲೇ ನಿಲ್ಲಿಸಿ, ತಲೆಯ ಮೇಲೆ ಕಸೂತಿ ಬಟ್ಟೆ ಹಾಸಿ, ಒಂದು ಹೂದಾನಿ ಇಟ್ಟೆವು. ಬಂದವರ ಕಣ್ಣಿಗೆ ಬೀಳಲಿ ಎಂಬ ಆಸೆಯೂ ಇತ್ತೆಂದು ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಊರಿನಿಂದ ಬಂದ ಅತ್ತೆ ಮಾತ್ರ ಅದರ ಬಾಗಿಲು ತೆಗೆದು, ಒಳಗೆ ಉರಿಯುವ ದೀಪ ನೋಡಿ, “ತಂಗಳನ್ನ ಇಡೋದಕ್ಕೆ ಇಷ್ಟು ದುಡ್ಡು ಕೊಟ್ರಾ?” ಎಂದರು. ಮೂರನೆಯ ದಿನದಿಂದ ಅವರ ಮಜ್ಜಿಗೆ ಚೊಂಬೂ ಅದರೊಳಗೇ ಇರತೊಡಗಿತು. ಅದು ಬೇರೆ ಮಾತು.

ಹನ್ನೊಂದು ವರ್ಷ ಯಾವ ತಕರಾರೂ ಇಲ್ಲದೆ ದುಡಿದ ಆ ಫ್ರಿಜ್ 2002ರ ಬೇಸಿಗೆಯಲ್ಲಿ ಗುಂಯ್‌ಗುಡುವುದನ್ನು ನಿಲ್ಲಿಸಿತು. ರಿಪೇರಿಯವನು ಬಂದು ನೋಡಿ ಕಂಪ್ರೆಸರ್ ಹೋಗಿದೆ ಎಂದ. ಹಿತ್ತಲಿಗೆ ಸಾಗಿಸಿ, ಹಿಂಬದಿಯ ಸಣ್ಣ ತಾಮ್ರದ ಕೊಳವೆಯನ್ನು ಕತ್ತರಿಸಿದ. “ಸ್ಸ್...” ಎಂದು ಒಂದು ಸದ್ದು. ಅರ್ಧ ನಿಮಿಷವೂ ಇರಲಿಲ್ಲ. “ಏನಪ್ಪಾ ಅದು?” ಎಂದು ಗಾಬರಿಯಿಂದ ಕೇಳಿದೆ. “ಹಳೇ ಗ್ಯಾಸಮ್ಮ, ಹೋಯ್ತು. ಹೊಸದು ತುಂಬ್ತೀನಿ” ಎಂದ. ವಾಸನೆಯಿಲ್ಲ, ಬಣ್ಣವಿಲ್ಲ. ದಾಸವಾಳದ ಗಿಡದ ಒಂದು ಎಲೆಯೂ ಅಲುಗಲಿಲ್ಲ. ನಾನು ಅವನಿಗೆ ಕಾಫಿ ಕೊಟ್ಟೆ.

ಸಂಜೆ ಕಾಲೇಜಿನಿಂದ ಬಂದ ಮಗ, ಪಿಯುಸಿ ವಿಜ್ಞಾನ ಓದುತ್ತಿದ್ದವನು, ಸುದ್ದಿ ಕೇಳಿ ತಲೆ ಚಚ್ಚಿಕೊಂಡ. “ಅಮ್ಮ, ಅದು ಸಿಎಫ್‌ಸಿ. ಓಜೋನ್ ಪದರ ತಿನ್ನೋ ಗ್ಯಾಸು. ಮೇಲೆ ಹೋದ್ರೆ ನೂರು ವರ್ಷ ಇರುತ್ತೆ.” ಒಂದು ಲೋಟ ಸಕ್ಕರೆಯಷ್ಟು ತೂಕವೂ ಇಲ್ಲದ ಗ್ಯಾಸು ಆಕಾಶಕ್ಕೇನು ಮಾಡೀತು ಎಂದು ನಾನು ನಕ್ಕುಬಿಟ್ಟೆ. ರಾತ್ರಿ ಮಲಗಿದಾಗ ಮಾತ್ರ ನಗು ಬರಲಿಲ್ಲ. ನೂರು ವರ್ಷ! ನಾನು ಹೋಗಿ, ನನ್ನ ಮಗನೂ ಮುದುಕನಾಗಿ, ಅವನ ಮಕ್ಕಳಿಗೂ ತಲೆ ನೆರೆಯುವ ಹೊತ್ತಿಗೆ ನಮ್ಮ ಹಿತ್ತಲಿನ ಆ ಸದ್ದು ಇನ್ನೂ ಮೇಲೆಲ್ಲೋ ಇರುತ್ತದೆಯೇ? ಮನೆಯ ಕಸವನ್ನು ಕದ್ದು ಪಕ್ಕದವರ ಅಂಗಳಕ್ಕೆ ಗುಡಿಸಿದಂತಾಯಿತು.

ಆಮೇಲೆ ಆ ವಿಷಯ ಎಲ್ಲಿ ಕಂಡರೂ ಓದುವುದು ಅಭ್ಯಾಸವಾಯಿತು. ಕಥೆ ನಮ್ಮ ಫ್ರಿಜ್‌ಗಿಂತ ಹಳೆಯದು. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು, ಫ್ರಿಜ್‌ಗಳಲ್ಲೂ ಸೆಂಟಿನ ಡಬ್ಬಿಗಳಲ್ಲೂ ಬಳಸುವ ಈ ಅನಿಲ ಮೇಲೇರಿ ಓಜೋನನ್ನು ಒಡೆಯುತ್ತದೆಂದು ಹೇಳಿದರು. ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು, ನಮ್ಮ ಕಣ್ಣು, ಚರ್ಮ, ಬೆಳೆಗಳನ್ನು ಕಾಯುವ ಪದರ ಅದು. ತಯಾರಿಸುವ ಕಂಪನಿಗಳು ಈ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. 1985ರಲ್ಲಿ ಬ್ರಿಟನ್ನಿನ ಮೂವರು ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಪ್ರತಿ ವಸಂತದಲ್ಲೂ ಓಜೋನ್ ತೀರಾ ತೆಳುವಾಗುತ್ತಿದೆಯೆಂದು ಅಳೆದು ತೋರಿಸಿದಾಗ ಜಗತ್ತು ಬೆಚ್ಚಿತು. ಎರಡೇ ವರ್ಷದಲ್ಲಿ, 1987ರ ಸೆಪ್ಟೆಂಬರ್ 16ರಂದು, ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಶೀತಲ ಸಮರ ಇನ್ನೂ ಮುಗಿದಿರಲಿಲ್ಲ. ಒಬ್ಬರ ಮೇಲೊಬ್ಬರು ಕ್ಷಿಪಣಿ ಗುರಿಯಿಟ್ಟುಕೊಂಡಿದ್ದ ಅಮೆರಿಕವೂ ಸೋವಿಯತ್ ಒಕ್ಕೂಟವೂ ಇದೊಂದು ವಿಷಯಕ್ಕೆ ಒಂದೇ ಕಾಗದಕ್ಕೆ ಸಹಿ ಹಾಕಿದವು.

ಭಾರತ ಮಾತ್ರ ಆಗ ಸಹಿ ಹಾಕಲಿಲ್ಲ. ಚೀನವೂ ಹಾಕಲಿಲ್ಲ. ಇದನ್ನು ಮೊದಲು ಓದಿದಾಗ ನನಗೆ ಬೇಸರವಾಗಿತ್ತು. ನಮ್ಮವರದ್ದೇಕೆ ಈ ಹಟ ಎಂದುಕೊಂಡಿದ್ದೆ. ಆ ಹಟ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ನಮ್ಮೂರ ಬಾವಿಯಿಂದ.

ತೀರ್ಥಹಳ್ಳಿ ಕಡೆಯ ನಮ್ಮ ಮಾವನವರ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ತೋಟ ಎರಡಾಯಿತು, ಬಾವಿ ಒಂದೇ ಉಳಿಯಿತು. ದೊಡ್ಡವರಾದ ಭಾವ ಬಹಳ ಹಿಂದೆಯೇ ಪಂಪು ಕೂರಿಸಿ ತಮ್ಮ ಅಡಿಕೆ ತೋಟಕ್ಕೆ ನೀರು ಹಾಯಿಸುತ್ತಿದ್ದರು. ನಮ್ಮ ಪಾಲಿನ ತೋಟ ನೋಡಿಕೊಳ್ಳುತ್ತಿದ್ದ ಅತ್ತೆಗೆ ಸಣ್ಣದೊಂದು ಪಂಪು ಬಂದದ್ದು 2001ರಲ್ಲಿ. ಮರುವರ್ಷದಿಂದ ಬರಗಾಲ ಹಿಡಿಯಿತು. 2003ರ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣತೊಡಗಿದಾಗ ಭಾವ, “ಇಬ್ಬರೂ ಸಮವಾಗಿ ಅರ್ಧ ಅರ್ಧ ಕಡಿಮೆ ಮಾಡೋಣ” ಎಂದರು. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಅವರ ಅರ್ಧದಲ್ಲಿ ತೋಟ ಉಳಿಯುತ್ತಿತ್ತು, ಅತ್ತೆಯ ಅರ್ಧದಲ್ಲಿ ಸಸಿಗಳು ಒಣಗುತ್ತಿದ್ದವು. ಅತ್ತೆ ಜಗುಲಿಯ ಮೇಲೆ ಕೂತು, “ಇಷ್ಟು ವರ್ಷ ಯಾರು ಹೆಚ್ಚು ಎತ್ತಿದರೋ ಅವರು ಮೊದಲು ಪಂಪು ನಿಲ್ಲಿಸಲಿ. ಬಾವಿ ಆಳ ಮಾಡೋ ಖರ್ಚಲ್ಲೂ ಅವರದೇ ದೊಡ್ಡ ಪಾಲು” ಎಂದುಬಿಟ್ಟರು. ಹೆತ್ತ ಮಗನಿಗೇ ಹೇಳಿದ ಮಾತು. ಎರಡು ಮನೆಯವರೂ ಒಂದು ಮಳೆಗಾಲ ಪೂರ್ತಿ ಮಾತು ಬಿಟ್ಟೆವು. ನನ್ನ ಓರಗಿತ್ತಿ ಚೌತಿಗೂ ನಮ್ಮ ಮನೆಗೆ ಕಾಲಿಡಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಬಾವಿಯೇ. ನಮ್ಮ ಕಡೆಯಿಂದ ನಾವು ಎತ್ತುತ್ತಲೇ ಹೋದರೆ ತನ್ನ ತೋಟಕ್ಕೂ ನೀರಿಲ್ಲ ಎಂಬುದು ಭಾವನವರಿಗೆ ಹೊಳೆಯಿತು. ಅವರು ಖರ್ಚಿನ ಮುಕ್ಕಾಲು ಪಾಲು ಕೊಟ್ಟರು. ನಮಗೆ ಎರಡು ವರ್ಷ ಬಿಟ್ಟು, ಸಸಿಗಳು ಬಲಿತ ಮೇಲೆ ನೀರು ಕಡಿಮೆ ಮಾಡುವ ಕರಾರಾಯಿತು. ಅತ್ತೆ ಆ ಕರಾರನ್ನು ಒಂದು ದಿನವೂ ಮೀರಲಿಲ್ಲ.

1990ರ ಜೂನ್‌ನಲ್ಲಿ ಲಂಡನ್‌ನಲ್ಲಿ ನಡೆದ ಸಭೆಯಲ್ಲಿ ಆದದ್ದೂ ಇದೇ. ಆಗ ನಮ್ಮ ಪರಿಸರ ಸಚಿವೆಯಾಗಿದ್ದವರು ಮೇನಕಾ ಗಾಂಧಿ. ಆಕಾಶವನ್ನು ತೂತು ಮಾಡಿದವರು ಬೇರೆಯವರು, ಈಗಷ್ಟೇ ಫ್ರಿಜ್ ಕೊಳ್ಳತೊಡಗಿದ ನಮ್ಮ ಜನ ಹೊಸ ಯಂತ್ರ, ಹೊಸ ತಂತ್ರಜ್ಞಾನದ ಬೆಲೆಯನ್ನು ಏಕೆ ತೆರಬೇಕು ಎಂಬುದು ನಮ್ಮ ವಾದ. ಅತ್ತೆಯ ಜಗುಲಿಯ ವಾದವೇ! ಆ ಸಭೆಯಲ್ಲಿ ಶ್ರೀಮಂತ ದೇಶಗಳು ಹಣ ಹಾಕುವ ಒಂದು ನಿಧಿ ಹುಟ್ಟಿತು. ಬಡ ದೇಶಗಳ ಕಾರ್ಖಾನೆಗಳು ಹೊಸ ಅನಿಲಕ್ಕೆ ಬದಲಾಗುವ ಖರ್ಚನ್ನು ಅದು ಭರಿಸಬೇಕು. ಅದರ ಆಡಳಿತ ಸಮಿತಿಯಲ್ಲಿ ಕೊಡುವವರು ಏಳು, ಪಡೆಯುವವರು ಏಳು. ತಲೆಗೆ ವರ್ಷಕ್ಕೆ 300 ಗ್ರಾಂಗಿಂತ ಕಡಿಮೆ ಬಳಸುವ ಹಿಂದುಳಿದ ದೇಶಗಳಿಗೆ ಹತ್ತು ವರ್ಷ ಹೆಚ್ಚಿನ ಗಡುವು ಮೊದಲೇ ಇತ್ತು. ಇನ್ನೊಂದು ಜಾಣತನವೂ ಒಪ್ಪಂದದಲ್ಲಿತ್ತು: ಹೊರಗೆ ನಿಂತ ದೇಶದೊಡನೆ ಈ ಅನಿಲಗಳ ವ್ಯಾಪಾರ ಇಲ್ಲ. ಒಳಗೆ ಬಂದರೆ ಸಹಾಯ, ಹೊರಗುಳಿದರೆ ನಷ್ಟ. ಚೀನ 1991ರಲ್ಲಿ ಬಂತು, ಭಾರತ 1992ರಲ್ಲಿ.

ನಾವೂ ಮಾತು ಉಳಿಸಿಕೊಂಡೆವು. 2010 ಗಡುವಾಗಿದ್ದರೂ ನಮ್ಮ ದೇಶದಲ್ಲಿ ಸಿಎಫ್‌ಸಿ ತಯಾರಿಕೆ 2008ರಲ್ಲೇ ನಿಂತಿತು. 2009ರ ಹೊತ್ತಿಗೆ ವಿಶ್ವಸಂಸ್ಥೆಯ ಪ್ರತಿಯೊಂದು ದೇಶವೂ ಈ ಒಪ್ಪಂದದೊಳಗಿತ್ತು. ಆ ನಿಧಿಯಿಂದ ಈವರೆಗೆ 400 ಕೋಟಿ ಡಾಲರಿಗೂ ಹೆಚ್ಚು ಹಣ ಹೊರಟಿದೆ. ಅಂಟಾರ್ಕ್ಟಿಕದ ಓಜೋನ್ 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳೀತು, ಉಳಿದ ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೆ ಎಂದು ವಿಜ್ಞಾನಿಗಳು 2023ರ ಜನವರಿಯಲ್ಲಿ ಹೇಳಿದರು. ಸುದ್ದಿ ಓದಿದ ದಿನ ನಾನು ನಮ್ಮವರಿಗೆ ಎರಡು ಸಲ ಓದಿ ಹೇಳಿದೆ. “ನೀನೇ ಹೊಲಿಗೆ ಹಾಕಿದ ಹಾಗೆ ಆಡ್ತೀಯಲ್ಲ” ಎಂದರು.

ಕದ್ದು ಕಸ ಗುಡಿಸುವವರು ಇರಲಿಲ್ಲವೆಂದಲ್ಲ. ನಿಷೇಧವಾದ ಒಂದು ಸಿಎಫ್‌ಸಿ ಲೆಕ್ಕಕ್ಕೆ ಸಿಗದಂತೆ ಗಾಳಿಗೆ ಸೇರುತ್ತಿದೆ ಎಂದು 2018ರಲ್ಲಿ ಗೊತ್ತಾಯಿತು. ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿ ಗಾಳಿಯನ್ನು ಅಳೆಯುವವರು, ಅದರಲ್ಲಿ ಹೆಚ್ಚಿನದು ಪೂರ್ವ ಚೀನದಿಂದ ಬರುತ್ತಿದೆಯೆಂದು ಮರುವರ್ಷ ತೋರಿಸಿದರು. ಚೀನ ಕ್ರಮ ಕೈಗೊಂಡಿತು, ಸೋರಿಕೆ ಇಳಿಯಿತು. ಯಾರೂ ಯಾರ ಮೇಲೂ ದಂಡೆತ್ತಿ ಹೋಗಲಿಲ್ಲ. ಎಲ್ಲರೂ ಒಪ್ಪಿದ ಅಳತೆಯೊಂದಿದ್ದರೆ ಅರ್ಧ ಜಗಳ ಕಡಿಮೆ. ನಮ್ಮ ಬಾವಿಯ ಗೋಡೆಗೂ ಅತ್ತೆ ಸುಣ್ಣದಲ್ಲಿ ಗೆರೆ ಎಳೆಸಿದ್ದರು.

ಹಾಗಾದರೆ ಭೂಮಿ ಬಿಸಿಯಾಗುವ ವಿಷಯದಲ್ಲಿ ಇದೇಕೆ ಆಗುವುದಿಲ್ಲ? ಇದು ನನ್ನನ್ನು ಕಾಡುವ ಪ್ರಶ್ನೆ. 1992ರಲ್ಲಿ ರಿಯೊದಲ್ಲಿ ಎಲ್ಲರೂ ಸೇರಿ, ಹೊಣೆ ಎಲ್ಲರದು, ಆದರೆ ಎಲ್ಲರದೂ ಒಂದೇ ಅಳತೆಯದಲ್ಲ ಎಂದು ಬರೆದುಕೊಂಡರು. 1997ರಲ್ಲಿ ಕ್ಯೋಟೊ ಒಪ್ಪಂದವಾಯಿತು, ಅಮೆರಿಕ ಅದರೊಳಗೆ ಬರಲಿಲ್ಲ. 2015ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೂ ಬಂದರು. ಅಮೆರಿಕ ಒಮ್ಮೆ ಹೊರಗೆ ಹೋಗಿ, ಮತ್ತೆ ಬಂದು, 2025ರ ಜನವರಿಯಲ್ಲಿ ಮತ್ತೆ ಹೊರಡುವುದಾಗಿ ಹೇಳಿತು. 2020ರಿಂದ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು 2009ರಲ್ಲಿ ಕೊಟ್ಟ ಮಾತು ನೆರವೇರಿದ್ದು 2022ರಲ್ಲಿ. ತಡವಾಗಿ ಬಂದ ಉಡುಗೊರೆಗೆ ಮದುವೆಮನೆಯಲ್ಲಿ ಸಿಗುವ ಮರ್ಯಾದೆಯೇ ಅದಕ್ಕೂ ಸಿಕ್ಕಿತು.

ಎರಡೂ ಒಂದೇ ಅಲ್ಲ ಎಂಬುದು ನನಗೂ ಗೊತ್ತು. ಸಿಎಫ್‌ಸಿ ಮಾಡುತ್ತಿದ್ದವು ಬೆರಳೆಣಿಕೆಯ ಕಂಪನಿಗಳು. ಬದಲಿ ಅನಿಲ ಸಿಕ್ಕಾಗ ಅದನ್ನೂ ಅವರೇ ಮಾರಿದರು. ಕಲ್ಲಿದ್ದಲು, ಪೆಟ್ರೋಲ್ ಹಾಗಲ್ಲ. ಅವು ನನ್ನ ಒಲೆ, ಮಗನ ಸ್ಕೂಟರ್, ಊರಿನ ಕರೆಂಟು ಎಲ್ಲದರೊಳಗೂ ಇವೆ. ಆದರೂ ಫ್ರಿಜ್‌ನ ಕಥೆಯಿಂದ ನಾನು ಹಿಡಿದುಕೊಂಡಿರುವುದು ಇಷ್ಟು: ಹೆಚ್ಚು ಎತ್ತಿದವರು ಮೊದಲು ಕೈ ಬಿಟ್ಟಾಗ, ತಡವಾಗಿ ಬಂದವರಿಗೆ ಹಣವೂ ಕಾಲವೂ ಸಿಕ್ಕಾಗ, ಇಡೀ ಜಗತ್ತು ಒಂದು ಮಾತಿಗೆ ನಿಂತದ್ದುಂಟು. ಆಗದ ಕೆಲಸವೆಂದು ಇನ್ನು ಯಾರೂ ಹೇಳುವಂತಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಿಎಫ್‌ಸಿಯ ಜಾಗಕ್ಕೆ ಬಂದ ಎಚ್‌ಎಫ್‌ಸಿ ಅನಿಲಗಳು ಓಜೋನನ್ನು ತಿನ್ನುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತವೆ. ಅದಕ್ಕಾಗಿ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ಹೊಸ ತಿದ್ದುಪಡಿ ಬಂತು. ಅದು ಪೂರ್ತಿ ಜಾರಿಯಾದರೆ ಈ ಶತಮಾನದ ಕೊನೆಗೆ ಅರ್ಧ ಡಿಗ್ರಿಯಷ್ಟು ಬಿಸಿ ತಪ್ಪೀತು ಎಂಬ ಲೆಕ್ಕವಿದೆ. ಭಾರತ 2021ರಲ್ಲಿ ಒಪ್ಪಿತು. 2032ರಿಂದ ಹಂತಹಂತವಾಗಿ ಇಳಿಸಿ, 2047ಕ್ಕೆ ಶೇಕಡಾ 85ರಷ್ಟು ಕಡಿಮೆ ಮಾಡಬೇಕು.

2047ಕ್ಕೆ ನನ್ನ ಮೊಮ್ಮಗಳಿಗೆ ಇಪ್ಪತ್ತೇಳು ವರ್ಷ. 2023ರ ಬರದ ಹಿಂದೆಯೇ ಬಂದ 2024ರ ಬೇಸಿಗೆಯಲ್ಲಿ ಅವಳ ಮೈತುಂಬ ಬೆವರುಸಾಲೆ ಎದ್ದು, ರಾತ್ರಿಯೆಲ್ಲ ಅಳುತ್ತಿದ್ದಳು. ಮಗ ಎಸಿ ಹಾಕಿಸಿದ. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಬಿಸಿಲಿಗೆ ಹೆದರಿ ಹಾಕಿಸಿದ ಯಂತ್ರವೇ ಬಿಸಿಲನ್ನು ಹೆಚ್ಚಿಸುವುದಾದರೂ, ಅಳುವ ಮಗುವಿಗೆ ಯಾವ ಒಪ್ಪಂದ ಓದಿ ಹೇಳಲಿ?

ಈಚೆಗೆ ಆ ಎಸಿಯನ್ನು ಮುಂದಿನ ಕೋಣೆಗೆ ಬದಲಾಯಿಸಬೇಕಾಯಿತು. ಬಂದವನು ಹುಡುಗ. ಕೊಳವೆ ಬಿಚ್ಚಲು ಸ್ಪ್ಯಾನರ್ ಹಿಡಿದವನನ್ನು ತಡೆದೆ. “ಗ್ಯಾಸ್ ಹೊರಗೆ ಬಿಡ್ತೀಯೇನಪ್ಪಾ?” ಅವನು ನನ್ನ ನರೆಗೂದಲು ನೋಡಿ, “ಸ್ವಲ್ಪ ಹೋಗುತ್ತಮ್ಮ, ಆಮೇಲೆ ತುಂಬಿಸಿದ್ರಾಯ್ತು” ಎಂದ. “ಹೊರಗಿನ ಪೆಟ್ಟಿಗೆಯೊಳಕ್ಕೆ ಎಳೆದುಕೊಳ್ಳೋಕೆ ಬರುತ್ತಂತಲ್ಲ?” ಎಂದೆ. “ಬರುತ್ತೆ, ಟೈಮ್ ಹಿಡಿಯುತ್ತೆ.” “ಹಿಡೀಲಿ. ಆ ಹೊತ್ತಿನ ದುಡ್ಡೂ ತಗೋ” ಎಂದೆ.

ಅವನು ಎಸಿ ಓಡಿಸಿ, ಒಂದು ವಾಲ್ವ್ ಮುಚ್ಚಿ, ಮೀಟರ್ ನೋಡುತ್ತ ನಿಂತು, ಇನ್ನೊಂದನ್ನೂ ಮುಚ್ಚಿದ. ಹತ್ತು ನಿಮಿಷ ಆಯಿತೋ ಇಲ್ಲವೋ. ಕೊಳವೆ ಬಿಚ್ಚುವಾಗ ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ಸದ್ದು ಬರಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.